ಗಾಯದ ತಳ ಮೊದಲು, ಶೀಟಿನ ಬೆಲೆ ಆಮೇಲೆ

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಬಹಳ ವರ್ಷಗಳಿಂದ ಶುಗರ್ ಇದೆ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದವರು ಕಾಲಿನಲ್ಲಿ ಬೊಬ್ಬೆ ಎದ್ದು, ಅದು ಒಡೆದು ವಾಪಸ್ ಬಂದರು. ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ನಾಲ್ಕೇ ದಿನದಲ್ಲಿ ಕಾಲು ಊದಿ, ಅಲ್ಲಲ್ಲಿ ಕಪ್ಪಾಗಿ, ಜ್ವರ ಏರಿ ಐಸಿಯು ಸೇರಿದರು. ನೆಕ್ರೊಟೈಸಿಂಗ್ ಫ್ಯಾಶಿಯೈಟಿಸ್ ಅಂದರು. ಮೂರು ಸಲ ಆಪರೇಷನ್ ಮಾಡಿ ಕೊಳೆತದ್ದನ್ನೆಲ್ಲ ತೆಗೆದರು. ಈಗ ಪಾದದ ಮೇಲಿನಿಂದ ಮೊಣಕಾಲಿನ ಕೆಳಗಿನವರೆಗೆ ಚರ್ಮವೇ ಇಲ್ಲ. ಪಾದದ ಹತ್ತಿರ ಬಿಳಿ ನರ ಕಾಣುತ್ತದೆ. ಡಾಕ್ಟರು ಕೃತಕ ಚರ್ಮದ ಶೀಟ್ ಹಾಕೋಣ ಅನ್ನುತ್ತಾರೆ, ಖರ್ಚು ಲಕ್ಷಗಳ ಲೆಕ್ಕದಲ್ಲಿದೆ. ತೊಡೆಯ ಚರ್ಮ ತೆಗೆದು ನೇರವಾಗಿ ಹಾಕಿದರೆ ಆಗಲ್ವಾ ಅಂತ ನಮ್ಮ ಮಾವ ಕೇಳುತ್ತಾರೆ. ಪ್ಲಾಸ್ಟಿಕ್ ಒಳಗಿಟ್ಟರೆ ಮತ್ತೆ ಕೀವು ಆಗಲ್ವಾ? ಅದು ಹಸುವಿನಿಂದ ಮಾಡಿದ್ದಂತೆ, ನಿಜವಾ? ನನ್ನ ಚರ್ಮವನ್ನೇ ಅಪ್ಪನಿಗೆ ಕೊಡಬಹುದಾ? – ಓದುಗರು, ಕೆಂಗೇರಿ

ಉತ್ತರ: ನಿಮ್ಮ ತಂದೆಯವರು ದೊಡ್ಡ ಗಂಡಾಂತರ ದಾಟಿದ್ದಾರೆ. ಈ ಸೋಂಕು ಬಂದವರಲ್ಲಿ, ಒಳ್ಳೆಯ ಚಿಕಿತ್ಸೆ ಸಿಕ್ಕರೂ, ನಾಲ್ಕೈದು ಜನರಲ್ಲಿ ಒಬ್ಬರು ಉಳಿಯುವುದಿಲ್ಲ. ಜೀವದ ಭಯ ಹಿಂದೆ ಸರಿದಿದೆ, ಈಗ ಕಾಲಿನ ಸರದಿ. ಕಾಲಿನ ವಿಷಯದಲ್ಲಿ ಇವತ್ತೇ ಸಹಿ ಹಾಕಬೇಕು ಅನ್ನುವ ಗಡಿಬಿಡಿ ಸಾಮಾನ್ಯವಾಗಿ ಇರುವುದಿಲ್ಲ. ಒಂದೆರಡು ದಿನ ತೆಗೆದುಕೊಂಡು, ಕೇಳಬೇಕಾದ್ದನ್ನು ಕೇಳಿಯೇ ನಿರ್ಧರಿಸಿ.

ಇಷ್ಟೊಂದು ಚರ್ಮ ಯಾಕೆ ಹೋಯಿತು ಅನ್ನುವುದು ಗೊತ್ತಾದರೆ ಮುಂದಿನ ಮಾತು ಸುಲಭ. ನಮ್ಮ ಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಮಾಂಸಖಂಡಗಳನ್ನು ಸುತ್ತಿಕೊಂಡ ತೆಳ್ಳನೆಯ ಬಿಳಿ ಪೊರೆ ಇದೆ. ಅದೇ ಫ್ಯಾಶಿಯಾ. ಈ ಸೋಂಕು ಆ ಪೊರೆಯ ಗುಂಟ ಹರಡುತ್ತದೆ. ಚರ್ಮಕ್ಕೆ ರಕ್ತ ತರುವ ಸಣ್ಣ ನಾಳಗಳು ಈ ಪೊರೆಯನ್ನು ದಾಟಿಯೇ ಮೇಲೆ ಬರಬೇಕು. ಪೊರೆ ಕೊಳೆತರೆ ಆ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಮೇಲಿನ ಚರ್ಮ ಸಾಯುತ್ತದೆ. ಅಂದರೆ ಚರ್ಮ ಕಪ್ಪಾಗುವಷ್ಟರಲ್ಲಿ ಒಳಗೆ ಸೋಂಕು ಎಷ್ಟೋ ದೂರ ಹೋಗಿರುತ್ತದೆ. "ಚೆನ್ನಾಗಿದ್ದ ಚರ್ಮವನ್ನೂ ಕಿತ್ತುಹಾಕಿದರು" ಅಂತ ಮನೆಯವರು ಬೇಜಾರು ಮಾಡಿಕೊಳ್ಳುವುದನ್ನು ವಾರ್ಡಿನಲ್ಲಿ ಆಗಾಗ ಕೇಳುತ್ತೇನೆ. ಚೆನ್ನಾಗಿ ಕಂಡ ಆ ಚರ್ಮದ ಕೆಳಗೆ ಬೆರಳು ಹಾಕಿದರೆ ತಡೆಯೇ ಇಲ್ಲದೆ ಒಳಗೆ ಜಾರುತ್ತದೆ, ಪಾತ್ರೆ ತೊಳೆದ ನೀರಿನಂಥ ಬೂದು ದ್ರವ ಬರುತ್ತದೆ. ಅಲ್ಲಿ ಕೈ ಬಿಗಿ ಹಿಡಿದು ಕಡಿಮೆ ತೆಗೆದಿದ್ದರೆ ನಿಮ್ಮ ತಂದೆಯವರು ಇವತ್ತು ವಾರ್ಡಿಗೆ ಬಂದಿರುತ್ತಿರಲಿಲ್ಲ.

ಈಗ ಮಾವನವರ ಪ್ರಶ್ನೆಗೆ ಬರೋಣ. ಅವರ ಮಾತು ತಪ್ಪಲ್ಲ. ತೊಡೆಯ ಚರ್ಮ ತೆಗೆದು ಗಾಯದ ಮೇಲೆ ಹಾಕುವುದು ಹಳೆಯ, ಗಟ್ಟಿ ದಾರಿ. ಆದರೆ ಅದು ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಅನ್ನುವುದು ಮುಖ್ಯ.

ಚರ್ಮದಲ್ಲಿ ಎರಡು ಪದರ. ಮೇಲಿನದು ಎಪಿಡರ್ಮಿಸ್, ಕಾಗದದಷ್ಟು ತೆಳು. ಅದರ ಕೆಳಗಿನದು ಡರ್ಮಿಸ್. ಚರ್ಮಕ್ಕೆ ಗಟ್ಟಿತನ, ಹಿಗ್ಗುವ ಗುಣ ಕೊಡುವುದು ಅದು. ಮೇಲಿನ ಪದರ ಜೀವನಪೂರ್ತಿ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ಡರ್ಮಿಸ್ ಪೂರ್ತಿ ಹೋದರೆ ಮತ್ತೆ ಹುಟ್ಟುವುದಿಲ್ಲ, ಅಲ್ಲಿ ಬರಿ ಕಲೆಯ ಮಾಂಸ ತುಂಬಿಕೊಳ್ಳುತ್ತದೆ. ತೊಡೆಯಿಂದ ನಾವು ತೆಗೆಯುವುದು ಮಿಲಿಮೀಟರಿನ ಕಾಲು ಭಾಗದಷ್ಟು ದಪ್ಪದ ಚರ್ಮ. ಅದರಲ್ಲಿ ಮೇಲಿನ ಪದರ ಪೂರ್ತಿ, ಡರ್ಮಿಸ್ ಒಂದು ಚೂರು ಮಾತ್ರ. ಜಾಸ್ತಿ ದಪ್ಪ ತೆಗೆದರೆ ತೊಡೆಯ ಗಾಯವೇ ಮಾಯುವುದಿಲ್ಲ.

ಹೀಗೆ ತೆಗೆದ ಚರ್ಮಕ್ಕೆ ತನ್ನದೇ ರಕ್ತ ಇರುವುದಿಲ್ಲ. ಮೊದಲ ಒಂದೆರಡು ದಿನ ಗಾಯದ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಆಮೇಲೆ ತಳದ ಸಣ್ಣ ರಕ್ತನಾಳಗಳು ಬಂದು ಕೂಡಿಕೊಳ್ಳಬೇಕು. ಐದನೆಯ ದಿನ ಡ್ರೆಸಿಂಗ್ ಬಿಚ್ಚಿದಾಗ ಗುಲಾಬಿ ಬಣ್ಣ ಕಂಡರೆ ಹಿಡಿದಿದೆ ಅಂತ ಅರ್ಥ. ತಳದಲ್ಲಿ ರಕ್ತವೇ ಇಲ್ಲದಿದ್ದರೆ? ನೀವು ಬಿಳಿ ನರ ಅಂದದ್ದು ಟೆಂಡನ್, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ. ಅದರ ಮೇಲಿನ ತೆಳ್ಳನೆಯ ಹೊದಿಕೆ ಉಳಿದಿದ್ದರೆ ಗ್ರಾಫ್ಟ್, ಅಂದರೆ ಹೀಗೆ ತಂದು ಹಾಕಿದ ಚರ್ಮ, ಹಿಡಿಯಬಹುದು. ಹೊದಿಕೆ ಹೋಗಿ, ಟೆಂಡನ್ ಬರಿದಾಗಿ, ಬೆಳ್ಳಗೆ ಹೊಳೆಯುತ್ತಿದ್ದರೆ ಹಿಡಿಯುವುದಿಲ್ಲ. ಮೇಲಿನ ಪೊರೆ ಕಿತ್ತುಹೋದ ಮೂಳೆಯ ಮೇಲೂ ಅಷ್ಟೇ. ಹಾಕಿದ ಚರ್ಮ ಒಂದು ವಾರದಲ್ಲಿ ಒಣಗಿ ಉದುರುತ್ತದೆ. ತೊಡೆಯಲ್ಲೊಂದು ಗಾಯ ಮಾತ್ರ ಉಳಿಯುತ್ತದೆ.

ಇನ್ನೊಂದು ತೊಂದರೆ ನಿಧಾನವಾಗಿ ಗೊತ್ತಾಗುತ್ತದೆ. ಪಾದದ ಗಂಟಿನ ಸುತ್ತ ಇಂಥ ತೆಳು ಚರ್ಮ ಹೇಗೋ ಹಿಡಿದರೂ ಅದು ಟೆಂಡನ್ನಿಗೆ ಅಂಟಿಕೊಳ್ಳುತ್ತದೆ. ಕೆಳಗೆ ಕೊಬ್ಬಿಲ್ಲ, ಡರ್ಮಿಸ್ ಇಲ್ಲ. ಪಾದ ಎತ್ತುವಾಗ ಎಳೆಯುತ್ತದೆ. ಚಪ್ಪಲಿಯ ಪಟ್ಟಿ ಉಜ್ಜಿದರೆ ಸೀಳುತ್ತದೆ. ಶುಗರ್ ಇರುವವರ ಕಾಲಿನಲ್ಲಿ ಸ್ಪರ್ಶ ಕಡಿಮೆ ಇರುವುದರಿಂದ ಸೀಳಿದ್ದೂ ಗೊತ್ತಾಗುವುದಿಲ್ಲ.

ಶೀಟ್ ಬೇಕಾಗುವುದು ಇಲ್ಲಿ. ಕೃತಕ ಚರ್ಮ ಅಂದಾಗ ಹೊಸ ಚರ್ಮವನ್ನು ತಂದು ಅಂಟಿಸುತ್ತಾರೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಹೀರೆ ಬಳ್ಳಿಗೆ ಹಾಕುವ ಹಂದರದ ಥರ. ಹಂದರ ಕಾಯಿ ಬಿಡುವುದಿಲ್ಲ, ಬಳ್ಳಿ ಹಬ್ಬುವುದಕ್ಕೆ ಜಾಗ ಕೊಡುತ್ತದೆ. ಶೀಟಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ನಿಮ್ಮ ತಂದೆಯವರ ಜೀವಕೋಶಗಳು, ರಕ್ತನಾಳಗಳು ಕೆಳಗಿನಿಂದಲೂ ಪಕ್ಕದಿಂದಲೂ ಆ ರಂಧ್ರಗಳೊಳಗೆ ಹೊಕ್ಕು ಡರ್ಮಿಸ್‌ನಂಥ ಒಂದು ಪದರ ಕಟ್ಟುತ್ತವೆ. ಟೆಂಡನ್ ಬರಿದಾಗಿರುವ ಜಾಗದ ಮೇಲೂ ಅಕ್ಕಪಕ್ಕದಿಂದ ಸೇತುವೆ ಕಟ್ಟಿಕೊಂಡು ಬರುತ್ತವೆ, ಆ ಜಾಗ ಚಿಕ್ಕದಾಗಿದ್ದರೆ. ಅದಾದ ಮೇಲೆ ತೊಡೆಯ ಚರ್ಮ ಬೇಕೇ ಬೇಕು. ತುಂಬಾ ಚಿಕ್ಕ ಗಾಯ ಬಿಟ್ಟರೆ, ಈ ಥರದ ಶೀಟ್ ಹಾಕಿದರೆ ತೊಡೆಯ ಚರ್ಮ ತಪ್ಪುತ್ತದೆ ಅಂತ ಯಾರಾದರೂ ಹೇಳಿದ್ದರೆ ಅದು ಸರಿಯಲ್ಲ. ಎರಡು ಆಪರೇಷನ್ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಹಸುವಿನ ಪ್ರಶ್ನೆ. ಕೆಲವದ್ದಕ್ಕೆ ನಿಜ, ಕೆಲವದ್ದಕ್ಕೆ ಅಲ್ಲ. ಈ ವಿದ್ಯೆ ಶುರುವಾದದ್ದು ಅಮೆರಿಕದ ಬಾಸ್ಟನ್ ಭಾಗದಲ್ಲಿ. ಎಂಐಟಿಯ ಇಂಜಿನಿಯರ್ ಯಾನಿಸ್ ಯಾನಸ್ ಮತ್ತು ಸುಟ್ಟಗಾಯಗಳ ಸರ್ಜನ್ ಜಾನ್ ಬರ್ಕ್ ಸೇರಿ 1970ರ ದಶಕದಲ್ಲಿ ಇದರ ಮೇಲೆ ಕೆಲಸ ಮಾಡಿ, 1981ರಲ್ಲಿ ರೋಗಿಗಳಲ್ಲಿ ಬಳಸಿದ ಫಲಿತಾಂಶ ಪ್ರಕಟಿಸಿದರು. ಅದೇ ಮುಂದೆ ಇಂಟೆಗ್ರಾ ಅನ್ನುವ ಹೆಸರಿನಲ್ಲಿ 1996ರಲ್ಲಿ ಅಲ್ಲಿನ ಸರ್ಕಾರದ ಅನುಮತಿ ಪಡೆಯಿತು. ಇಂಟೆಗ್ರಾದ ಕೆಳಪದರ ದನದ ಟೆಂಡನ್ನಿನಿಂದ ತೆಗೆದ ಕೊಲಾಜನ್ ಅನ್ನುವ ನಾರಿನಂಥ ಪ್ರೋಟೀನ್ ಮತ್ತು ಶಾರ್ಕ್ ಮೀನಿನ ಮೆಲ್ಲೆಲುಬಿನಿಂದ ತೆಗೆದ ಒಂದು ವಸ್ತು. ಮೇಲ್ಪದರ ಸಿಲಿಕೋನ್. ಮ್ಯಾಟ್ರಿಡರ್ಮ್ ಕೂಡ ದನದ್ದು. ಪೆಲ್ನ್ಯಾಕ್ ಹಂದಿಯದ್ದು. ನಮ್ಮಲ್ಲೇ, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ, ಹಂದಿಯ ಪಿತ್ತಕೋಶದಿಂದ ಕೋಲಿಡರ್ಮ್ ಅನ್ನುವ ಪೊರೆ ತಯಾರಿಸಿದ್ದಾರೆ. 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಅನುಮತಿಯೂ ಸಿಕ್ಕಿತು.

ಪೂರ್ತಿ ಸಿಂಥೆಟಿಕ್ ಆದದ್ದು ಬೇರೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಹುಟ್ಟಿದ ಪಾಲಿಯುರೆಥೇನ್‌ನಿಂದ ಮಾಡಿದ ನೋವೊಸಾರ್ಬ್ ಬಿಟಿಎಂ. ಅಡಿಲೇಡ್‌ನ ಸರ್ಜನ್ ಜಾನ್ ಗ್ರೀನ್‌ವುಡ್ ಇದನ್ನು ರೋಗಿಗಳವರೆಗೆ ತಂದವರು. 2 ಮಿಲಿಮೀಟರ್ ದಪ್ಪದ ಬಿಳಿ ಫೋಮ್, ಅದರ ಮೇಲೊಂದು ತೆಳ್ಳನೆಯ ಪಾರದರ್ಶಕ ಹಾಳೆ. ಪ್ರಾಣಿಯ ಅಂಶ ಇಲ್ಲ. ಪಾಲಿಯುರೆಥೇನ್ ಅಂದರೆ ಹಾಸಿಗೆ ಫೋಮಿನ ಕುಟುಂಬದ್ದೇ, ಆದರೆ ದೇಹದೊಳಗೆ ಕರಗುವ ಹಾಗೆ ಮಾಡಿದ್ದು. ಹಾಗಾಗಿ ಪ್ಲಾಸ್ಟಿಕ್ ಶಾಶ್ವತವಾಗಿ ಒಳಗೇ ಉಳಿಯುತ್ತದೆ ಅನ್ನುವ ಭಯ ಬೇಡ. ಮೇಲಿನ ಹಾಳೆಯನ್ನು ನಾವೇ ಸುಲಿದು ತೆಗೆಯುತ್ತೇವೆ. ಒಳಗಿನ ಫೋಮ್ ದೇಹದ ನೀರಿನಿಂದಲೇ ನಿಧಾನವಾಗಿ ಒಡೆದು ಸುಮಾರು ಒಂದೂವರೆ ವರ್ಷದಲ್ಲಿ ಕರಗಿಹೋಗುತ್ತದೆ. ಹಂದರ ಕರಗುವಷ್ಟರಲ್ಲಿ ಸ್ವಂತ ಪದರ ಬಲಿತಿರುತ್ತದೆ. ನಿಮ್ಮ ಮನೆಯಲ್ಲಿ ದನದ ಅಥವಾ ಹಂದಿಯ ವಸ್ತು ಬೇಡ ಅಂತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ನಾವೂ ಕೇಳಲೇಬೇಕಾದ ವಿಷಯ ಅದು.

ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡುತ್ತೇನೆ. ಔಷಧಿ ಅಂಗಡಿಗಳಲ್ಲಿ ಕೊಲಾಜನ್ ಶೀಟ್ ಅಂತ ಸಿಗುತ್ತದಲ್ಲ, ಒದ್ದೆಯಾಗಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಬೆಲೆ ಕಡಿಮೆ. ಅದು ಒಳ್ಳೆಯ ಡ್ರೆಸಿಂಗ್. ಮೇಲ್ಮೈ ಸುಟ್ಟಗಾಯಕ್ಕೆ, ತೊಡೆಯಿಂದ ಚರ್ಮ ತೆಗೆದ ಜಾಗಕ್ಕೆ ಹಾಕುತ್ತೇವೆ. ಆದರೆ ಅದು ಡರ್ಮಿಸ್ ಕಟ್ಟುವುದಿಲ್ಲ. "ಪಕ್ಕದ ಬೆಡ್ಡಿನವರಿಗೆ ಕಮ್ಮಿ ದುಡ್ಡಲ್ಲಿ ಹಾಕಿದರು, ನಮಗೆ ಮಾತ್ರ ಲಕ್ಷ ಹೇಳುತ್ತಾರೆ" ಅನ್ನುವ ಜಗಳ ಬಹಳ ಸಲ ಈ ಎರಡನ್ನು ಒಂದೇ ಅಂದುಕೊಂಡದ್ದರಿಂದ ಆದದ್ದು.

ಮತ್ತೆ ಕೀವು ಆಗಲ್ವಾ? ನೀವು ಕೇಳಿದ ಪ್ರಶ್ನೆಗಳಲ್ಲಿ ಇದೇ ಬಹಳ ಮುಖ್ಯವಾದದ್ದು. ಆಗಬಹುದು. ಅದಕ್ಕೇ ಶೀಟ್ ಹಾಕುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುವ ಹಾಗಿಲ್ಲ, ಗಾಯವನ್ನು ನೋಡಿ ಗೊತ್ತುಮಾಡಬೇಕು. ಜ್ವರ ಇಳಿದಿರಬೇಕು. ರಕ್ತದಲ್ಲಿ ಬಿಳಿಕಣ, ಸೋಂಕು ಇದ್ದಾಗ ಏರುವ ಸಿಆರ್‌ಪಿ ಇಳಿಮುಖವಾಗಿರಬೇಕು. ಕೊನೆಯ ಸಲ ಓಟಿಗೆ ಕರೆದುಕೊಂಡು ಹೋಗಿ ನೋಡಿದಾಗ ಹೊಸದಾಗಿ ಸತ್ತ ಮಾಂಸ ಸಿಕ್ಕಿರಬಾರದು. ತಳ ಕೆಂಪಗಿರಬೇಕು, ಮುಟ್ಟಿದರೆ ರಕ್ತ ಜಿನುಗಬೇಕು. ಹಳದಿ ಪಾಚಿಯಂಥದ್ದು ಅಂಟಿಕೊಂಡಿದ್ದರೆ ಇನ್ನೂ ಕಾಯಬೇಕು. ಈ ಮಧ್ಯದ ದಿನಗಳಲ್ಲೇ ನಿಮ್ಮ ತಂದೆಯವರಿಗೆ ಸ್ಪಂಜು ಹಾಕಿ, ಪ್ಲಾಸ್ಟಿಕ್ ಅಂಟಿಸಿ, ವ್ಯಾಕ್ ಮೆಷಿನ್ ಹಚ್ಚಿರಬಹುದು. ಗಾಯದ ನೀರನ್ನು ಹೊರಗೆ ಹೀರಿ, ಊತ ಇಳಿಸಿ, ತಳ ಸಿದ್ಧ ಮಾಡುವುದು ಅದರ ಕೆಲಸ. ಅಷ್ಟರಲ್ಲೇ ತಳ ಚೆನ್ನಾಗಿ ತುಂಬಿಬಂದು ಟೆಂಡನ್ ಮುಚ್ಚಿಹೋದರೆ ಶೀಟಿನ ಅಗತ್ಯವೇ ಬೀಳದಿರಬಹುದು. ಅದನ್ನೂ ಕೇಳಿ.

ಇಷ್ಟೆಲ್ಲ ನೋಡಿ ಹಾಕಿದರೂ ಸೋಂಕು ಬಂದರೆ ಎರಡು ಥರದ ಶೀಟುಗಳೂ ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ. ಕೊಲಾಜನ್ ಅನ್ನುವುದು ಬ್ಯಾಕ್ಟೀರಿಯಾಗಳಿಗೆ ಊಟ. ಅವುಗಳ ಕಿಣ್ವಗಳು ಅದನ್ನು ಕರಗಿಸಿಬಿಡುತ್ತವೆ. ಇಂಟೆಗ್ರಾದ ಕೆಳಗೆ ಕೀವು ಸೇರಿದರೆ ಆ ಭಾಗವನ್ನು ತೆಗೆದು ಎಸೆಯಬೇಕಾಗುವುದೇ ಜಾಸ್ತಿ. ಪಾಲಿಯುರೆಥೇನ್ ಫೋಮನ್ನು ಅವು ಹಾಗೆ ತಿನ್ನಲಾರವು. ಕೀವು ಸೇರಿದ ಕಡೆ ಮೇಲಿನ ಹಾಳೆಗೆ ಕಿಟಕಿ ಕತ್ತರಿಸಿ, ಕೀವು ಹೊರಬಿಟ್ಟು, ತೊಳೆದು, ಫೋಮನ್ನು ಅಲ್ಲೇ ಉಳಿಸಿಕೊಳ್ಳಲು ಬಹಳ ಸಲ ಆಗುತ್ತದೆ. ಇಂಥ ಸೋಂಕು ಆಗಿ ಹೋದ ಗಾಯಗಳಿಗೆ ಸರ್ಜನ್‌ಗಳು ಸಿಂಥೆಟಿಕ್ ಕಡೆ ವಾಲಲು ಮುಖ್ಯ ಕಾರಣ ಇದು. ನನ್ನ ಒಲವೂ ಅದೇ ಕಡೆ. ಆದರೆ ಒಂದು ಮಾತು ಹೇಳಲೇಬೇಕು. ಈ ಸೋಂಕಿನ ನಂತರದ ಗಾಯಗಳ ಬಗ್ಗೆ ಇರುವ ಪುರಾವೆ ಬಹುಪಾಲು ಒಂದೊಂದು ಆಸ್ಪತ್ರೆಯವರು ತಮ್ಮ ರೋಗಿಗಳ ಬಗ್ಗೆ ಬರೆದ ವರದಿಗಳು. ಎರಡು ಗುಂಪು ಮಾಡಿ ಹೋಲಿಸಿ ನೋಡಿದ ದೊಡ್ಡ ಪ್ರಯೋಗಗಳ ಬಲ ಇದಕ್ಕಿಲ್ಲ. ಹಾಗಾಗಿ "ನೂರಕ್ಕೆ ನೂರು ಗ್ಯಾರಂಟಿ" ಅನ್ನುವ ಮಾತು ಯಾರ ಬಾಯಿಂದ ಬಂದರೂ ನಂಬಬೇಡಿ, ಶೀಟ್ ಮಾರುವ ಪ್ರತಿನಿಧಿಯ ಬಾಯಿಂದಂತೂ ಬೇಡವೇ ಬೇಡ.

ಒಪ್ಪಿಕೊಂಡರೆ ಮುಂದೆ ಏನಾಗುತ್ತದೆ ಅಂತ ಹೇಳುತ್ತೇನೆ. ಮೊದಲ ಆಪರೇಷನ್‌ನಲ್ಲಿ ತಳವನ್ನು ಇನ್ನೊಂದು ಸಲ ಕೆರೆದು, ತೊಳೆದು, ರಕ್ತ ಒಸರುವುದನ್ನು ಪೂರ್ತಿ ನಿಲ್ಲಿಸುತ್ತಾರೆ. ಶೀಟಿನ ಕೆಳಗೆ ರಕ್ತ ಗಂಟು ಕಟ್ಟಿದರೆ ಅಷ್ಟು ಜಾಗದಲ್ಲಿ ಅದು ಹಿಡಿಯುವುದಿಲ್ಲ. ಆಮೇಲೆ ಗಾಯದ ಆಕಾರಕ್ಕೆ ಶೀಟ್ ಕತ್ತರಿಸಿ, ತಳಕ್ಕೆ ಒತ್ತಿ ಕೂರಿಸಿ, ಅಂಚಿಗೆ ಸುತ್ತಲೂ ಸ್ಟೇಪಲ್ ಪಿನ್ ಹೊಡೆಯುತ್ತಾರೆ. ಮೇಲೆ ಡ್ರೆಸಿಂಗ್ ಅಥವಾ ಮತ್ತೆ ವ್ಯಾಕ್. ಪಾದದ ಗಂಟು ತೊಂಬತ್ತು ಡಿಗ್ರಿಯಲ್ಲಿ ನಿಲ್ಲುವ ಹಾಗೆ ಹಿಂದೆ ಪಟ್ಟಿ ಕಟ್ಟುತ್ತಾರೆ. ಕಟ್ಟದೇ ಬಿಟ್ಟರೆ ಪಾದ ಕೆಳಗೆ ಇಳಿಬಿದ್ದು ಹಾಗೇ ಸೆಟೆದುಕೊಳ್ಳುತ್ತದೆ.

ಮೊದಲ ವಾರ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಬಿಟಿಎಂ ಆದರೆ ಪಾರದರ್ಶಕ ಹಾಳೆಯ ಕೆಳಗೆ ಫೋಮು ರಕ್ತ ಕುಡಿದು ಕಡುಕೆಂಪಗೆ ಇರುತ್ತದೆ. ಮನೆಯವರು ಅದನ್ನೇ ನೋಡಿ ಹೆದರುತ್ತಾರೆ. ಎರಡು, ಮೂರನೆಯ ವಾರದಲ್ಲಿ ಬಣ್ಣ ತಿಳಿಯಾಗುತ್ತಾ ಗುಲಾಬಿಗೆ ತಿರುಗುತ್ತದೆ. ಆಗ ಡಾಕ್ಟರು ಬೆರಳಿನಿಂದ ಒತ್ತಿ ಬಿಡುವುದನ್ನು ಗಮನಿಸಿ. ಒತ್ತಿದಾಗ ಬೆಳ್ಳಗಾಗಿ, ಬಿಟ್ಟ ತಕ್ಷಣ ಮತ್ತೆ ಕೆಂಪೇರಿದರೆ ಒಳಗೆ ರಕ್ತ ಓಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದ ಜಾಗ ಇದ್ದರೆ ಅಲ್ಲಿ ಇನ್ನೂ ಬಳ್ಳಿ ಹಬ್ಬಿಲ್ಲ. ಹಾಳೆಯ ಕೆಳಗೆ ಅಲ್ಲಲ್ಲಿ ನೀರಿನ ಗುಳ್ಳೆ ಬಂದರೆ ಸಣ್ಣ ತೂತು ಮಾಡಿ ಹೊರಬಿಡುತ್ತಾರೆ. ಗಾಬರಿ ಬೇಡ. ಆದರೆ ವಾಸನೆ, ಹಸಿರು ಕೀವು, ಸುತ್ತಲಿನ ಚರ್ಮ ಕೆಂಪೇರಿ ಬಿಸಿಯಾಗುವುದು, ಚಳಿ ಜ್ವರ, ಕಾರಣವಿಲ್ಲದೆ ಶುಗರ್ ಏರುವುದು – ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಹನ್ನೊಂದಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ. ಬೆಳಿಗ್ಗೆ ಒಪಿಡಿಗೆ ಹೋದರಾಯಿತು ಅನ್ನಬೇಡಿ.

ಇಂಟೆಗ್ರಾ ಸುಮಾರು ಮೂರು ವಾರದಲ್ಲಿ ಸಿದ್ಧವಾಗುತ್ತದೆ. ಬಿಟಿಎಂಗೆ ಇನ್ನೂ ಜಾಸ್ತಿ. ಶುಗರ್ ಇರುವವರ ಕಾಲಿನಲ್ಲಿ ಐದಾರು ವಾರ ಹಿಡಿದರೂ ಆಶ್ಚರ್ಯವಿಲ್ಲ. ಈ ಅವಧಿಯಲ್ಲಿ ಎಲ್ಲಾ ದಿನವೂ ಆಸ್ಪತ್ರೆಯಲ್ಲಿ ಇರಬೇಕಾಗಿಲ್ಲ. ಗಾಯ ಶಾಂತವಾಗಿದ್ದರೆ ಮನೆಗೆ ಕಳುಹಿಸಿ ವಾರಕ್ಕೊಂದೆರಡು ಸಲ ಡ್ರೆಸಿಂಗ್‌ಗೆ ಬರಹೇಳುತ್ತಾರೆ. ಕೆಂಗೇರಿಯಿಂದ ಸಿಟಿಯೊಳಗೆ ಬರುವವರು ಆಟೋದಲ್ಲಿ ಕಾಲು ಇಳಿಬಿಟ್ಟು ಕೂತರೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕಾಲು ಊದುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಸಿ ಕರೆದುಕೊಂಡು ಬನ್ನಿ.

ಎರಡನೆಯ ಆಪರೇಷನ್ ಹಗುರ. ಮೇಲಿನ ಹಾಳೆ ಸುಲಿಯುತ್ತಾರೆ. ಕೆಳಗೆ ಕೆಂಪಗೆ, ಸಮತಟ್ಟಾದ ತಳ ಸಿದ್ಧವಾಗಿರುತ್ತದೆ. ತೊಡೆಯಿಂದ ತೆಳು ಚರ್ಮ ತೆಗೆದು, ಮೆಷಿನ್ನಿನಲ್ಲಿ ಜಾಲರಿ ಮಾಡಿ ಹೊದಿಸುತ್ತಾರೆ. ಐದು ದಿನ ಕಾಲು ಅಲುಗಾಡಿಸುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ರೋಗಿಗಳು ಬೈಯುವುದು ಕಾಲಿನ ಗಾಯವನ್ನಲ್ಲ, ತೊಡೆಯ ಉರಿಯನ್ನು. ಅದು ಎರಡು ವಾರದೊಳಗೆ ಮಾಯುತ್ತದೆ. ಡ್ರೆಸಿಂಗ್ ಅಂಟಿಕೊಂಡಿದ್ದರೆ ಎಳೆಯಬೇಡಿ, ತಾನಾಗಿ ಬಿಡಲಿ.

ಈಗ ಶೀಟ್ ಹಾಕಬಾರದ ಸಂದರ್ಭಗಳು. ಕಾಲಿಗೆ ರಕ್ತವೇ ಸರಿಯಾಗಿ ಬರುತ್ತಿಲ್ಲದಿದ್ದರೆ ಎಷ್ಟು ದುಬಾರಿ ಶೀಟ್ ಹಾಕಿದರೂ ದುಡ್ಡು ದಂಡ. ಬಹಳ ವರ್ಷ ಶುಗರ್ ಇದ್ದವರ ಕಾಲಿನ ರಕ್ತನಾಳ ಗಡುಸಾಗಿರುತ್ತದೆ. ಕಣಕಾಲಿಗೆ ಬಿಪಿ ಪಟ್ಟಿ ಕಟ್ಟಿ ನೋಡುವ ಪರೀಕ್ಷೆ ಇಂಥವರಲ್ಲಿ ಸುಳ್ಳು ಭರವಸೆ ಕೊಡುತ್ತದೆ, ಯಾಕೆಂದರೆ ಗಡುಸು ನಾಳ ಪಟ್ಟಿಯ ಒತ್ತಡಕ್ಕೆ ಬಗ್ಗುವುದೇ ಇಲ್ಲ, ಅಂಕಿ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ನಾಳದಲ್ಲಿ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗಿದೆಯಾ, ಕಾಲಿನ ಹೆಬ್ಬೆರಳಿನ ರಕ್ತದ ಒತ್ತಡ ನೋಡಿದ್ದಾರಾ ಅಂತ ಕೇಳಿ. ನಾಳ ಮುಚ್ಚಿದ್ದರೆ ಮೊದಲು ಅದನ್ನು ತೆರೆಸಬೇಕು. ಕೀಲಿನ ಒಳಭಾಗ ಬರಿದಾಗಿದ್ದರೆ, ಅಥವಾ ಟೆಂಡನ್, ಮೂಳೆ ಅಗಲಕ್ಕೆ ಕಾಣುತ್ತಿದ್ದರೆ ಫ್ಲಾಪ್ ಬೇಕಾಗುತ್ತದೆ, ಅಂದರೆ ಬೇರೆ ಕಡೆಯ ಚರ್ಮ, ಕೊಬ್ಬನ್ನು ಅದರ ರಕ್ತನಾಳದ ಸಮೇತ ತಂದು ಮುಚ್ಚುವುದು. ದೊಡ್ಡ ಆಪರೇಷನ್, ಐಸಿಯುನಿಂದ ಈಗಷ್ಟೇ ಎದ್ದು ಬಂದ ದೇಹ ತಡೆಯುತ್ತದಾ ಅನ್ನುವುದನ್ನು ತೂಗಿ ನೋಡಬೇಕು. ಶೀಟಿನ ಒಂದು ಒಳ್ಳೆಯ ಉಪಯೋಗ ಅಲ್ಲೇ ಇದೆ. ದೇಹ ಚೇತರಿಸಿಕೊಳ್ಳುವ ತನಕ ಗಾಯವನ್ನು ಮುಚ್ಚಿ ಸಮಯ ಕೊಡುತ್ತದೆ. ಇನ್ನು ಅಂಗಾಲೇ ಹೋಗಿದ್ದರೆ, ಪಾದಕ್ಕೆ ರಕ್ತವೇ ಇಲ್ಲದಿದ್ದರೆ, ತಿಂಗಳುಗಟ್ಟಲೆ ಒದ್ದಾಡುವುದಕ್ಕಿಂತ ಮೊಣಕಾಲಿನ ಕೆಳಗೆ ಕತ್ತರಿಸಿ ಕೃತಕ ಕಾಲು ಹಾಕಿಕೊಂಡು ಬೇಗ ಓಡಾಡುವುದು ಎಷ್ಟೋ ವಾಸಿ. ಕೇಳಲು ಕಷ್ಟ. ಆದರೆ ಕೆಲವರ ವಿಷಯದಲ್ಲಿ ಅದೇ ಸರಿಯಾದ ಸಲಹೆ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ತಂದೆಯವರದ್ದು ಆ ಥರ ಕಾಣುತ್ತಿಲ್ಲ, ಗಾಯ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಬೇಕು: ಊಟ. ನಮ್ಮ ಕಡೆ ಗಾಯ ಆದವರಿಗೆ ನಂಜು ಆಗುತ್ತದೆ ಅಂತ ಬೇಳೆ ಬೇಡ, ಬದನೆಕಾಯಿ ಬೇಡ, ಮೊಟ್ಟೆ ಬೇಡ, ಮಾಂಸ ಬೇಡ. ಕೊನೆಗೆ ಉಳಿಯುವುದು ಅನ್ನ, ತಿಳಿಸಾರು, ಬ್ರೆಡ್ಡು. ಆ ಊಟದಲ್ಲಿ ಗಾಯ ಮಾಯುವುದು ಹೇಗೆ ಹೇಳಿ? ಇಷ್ಟು ದೊಡ್ಡ ಗಾಯದಿಂದ ದಿನಾ ಪ್ರೋಟೀನ್ ಸೋರಿಹೋಗುತ್ತಿರುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ದಿನಕ್ಕೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದೇ ಸುಮಾರು 6 ಗ್ರಾಂ. ಸಸ್ಯಾಹಾರಿಗಳಾದರೆ ಗಟ್ಟಿ ಬೇಳೆ, ಹುರುಳಿ, ಮೊಳಕೆ ಕಾಳು, ಸೋಯಾ, ಪನೀರ್, ಮೊಸರು, ಶೇಂಗಾ ಎಲ್ಲವೂ ತಟ್ಟೆಗೆ ಬರಬೇಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಲೆಕ್ಕ ಮಾಡಿ. ಶುಗರ್ ಏರುತ್ತದೆ ಅಂತ ಊಟ ಕಡಿಮೆ ಮಾಡಬೇಡಿ, ಇನ್ಸುಲಿನ್ ಹೊಂದಿಸಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿರುವಾಗ ಶುಗರ್ 140ರಿಂದ 180ರ ಒಳಗೆ ನಿಂತರೆ ಸಾಕು. ಬೀಡಿ, ಸಿಗರೇಟು ಇದ್ದರೆ ಇವತ್ತೇ ನಿಲ್ಲಬೇಕು. ಅದು ಸಣ್ಣ ರಕ್ತನಾಳಗಳನ್ನು ಹಿಂಡಿಬಿಡುತ್ತದೆ, ಹಬ್ಬಬೇಕಾದದ್ದೇ ಆ ನಾಳಗಳು.

ನಿಮ್ಮ ಚರ್ಮವನ್ನು ಅಪ್ಪನಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಒಂದೇ ರೂಪದ ಅವಳಿಗಳನ್ನು ಬಿಟ್ಟರೆ ಯಾರ ಚರ್ಮವೂ ಇನ್ನೊಬ್ಬರ ಮೈಮೇಲೆ ನಿಲ್ಲುವುದಿಲ್ಲ. ಹೆಚ್ಚೆಂದರೆ ಎರಡು ಮೂರು ವಾರ, ಆಮೇಲೆ ದೇಹ ಅದನ್ನು ಹೊರಗೆ ತಳ್ಳುತ್ತದೆ. ಹಾಗೆ ಕೆಲವು ವಾರದ ಮಟ್ಟಿಗೆ ಮುಚ್ಚಿಡಲು ಸತ್ತವರು ದಾನ ಮಾಡಿದ ಚರ್ಮ ಬಳಸುತ್ತಾರೆ. ನಮ್ಮ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸಾವಿನ ನಂತರ ಆರು ಗಂಟೆಯೊಳಗೆ ತೊಡೆ, ಬೆನ್ನಿನಿಂದ ತೆಳ್ಳನೆಯ ಪದರ ಮಾತ್ರ ತೆಗೆಯುತ್ತಾರೆ, ಮುಖಕ್ಕೆ ಕೈ ಹಚ್ಚುವುದಿಲ್ಲ. ಗ್ಲಿಸರಾಲ್‌ನಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಣ್ಣು ದಾನ ಮಾಡುವವರು ಸಿಗುತ್ತಾರೆ, ಚರ್ಮ ದಾನಕ್ಕೆ ಇನ್ನೂ ಹಿಂಜರಿಕೆ ಜಾಸ್ತಿ. ಸುಟ್ಟಗಾಯದವರಿಗೇ ಸಾಲುವುದಿಲ್ಲ.

ಎಲ್ಲ ಮುಗಿದ ಮೇಲೆ ಕಾಲು ಮೊದಲಿನ ಹಾಗೆ ಕಾಣುವುದಿಲ್ಲ. ಆ ಭಾಗ ಪಕ್ಕದ ಚರ್ಮಕ್ಕಿಂತ ತಗ್ಗಿರುತ್ತದೆ, ಬಣ್ಣ ಗಾಢವಾಗಿರುತ್ತದೆ, ಜಾಲರಿಯ ಗುರುತು ಉಳಿಯುತ್ತದೆ. ಕೂದಲು ಬರುವುದಿಲ್ಲ. ಬೆವರು, ಎಣ್ಣೆಯ ಗ್ರಂಥಿಗಳೂ ಇರುವುದಿಲ್ಲ. ಹಾಗಾಗಿ ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆ ಹಚ್ಚಿ ತೀಡಲೇಬೇಕು, ಇಲ್ಲದಿದ್ದರೆ ಒಣಗಿ ಬಿರಿಯುತ್ತದೆ. ಕ್ರೇಪ್ ಬ್ಯಾಂಡೇಜ್ ಸುತ್ತದೆ ಕಾಲು ಕೆಳಗೆ ಬಿಡುವ ಹಾಗಿಲ್ಲ. ಆಮೇಲೆ ಅಳತೆಗೆ ಹೊಲಿಸಿದ ಬಿಗಿ ಕಾಲುಚೀಲ ತಿಂಗಳುಗಟ್ಟಲೆ ಬೇಕು. ಮನೆಯೊಳಗೂ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ.

ದುಡ್ಡಿನ ವಿಷಯ ಕೊನೆಗೆ ಇಟ್ಟೆ. ಶೀಟಿನ ಬೆಲೆ ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ: ಇಡೀ ಗಾಯಕ್ಕೆ ಶೀಟ್ ಬೇಕಾ, ಅಥವಾ ಟೆಂಡನ್ ಕಾಣುವ ಪಾದದ ಭಾಗಕ್ಕೆ ಮಾತ್ರ ಸಾಕಾ? ಮೀನಖಂಡದ ಮೇಲೆ ತಳ ಕೆಂಪಗಿದ್ದರೆ ಅಲ್ಲಿ ತೊಡೆಯ ಚರ್ಮವನ್ನು ನೇರವಾಗಿ ಹಾಕಿ, ಶೀಟನ್ನು ಕಷ್ಟದ ಜಾಗಕ್ಕಷ್ಟೇ ಇಟ್ಟುಕೊಳ್ಳಬಹುದು. ಎಷ್ಟೋ ಸಲ ಅರ್ಧಕ್ಕರ್ಧ ಖರ್ಚು ಇಲ್ಲೇ ಉಳಿಯುತ್ತದೆ, ನಿಮ್ಮ ಮಾವನವರ ಮಾತೂ ನಡೆದ ಹಾಗಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಮಿತಿ ಇದೆ. ಆದರೆ ಶೀಟ್ ಆ ಪ್ಯಾಕೇಜಿನೊಳಗೆ ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಮೊದಲೇ ಕೇಳಿ. ಖಾಸಗಿ ವಿಮೆಯಾದರೆ ಶೀಟಿನ ಹೆಸರು, ಅಳತೆ, ಬೆಲೆ ಹಾಕಿ ಮುಂಚಿತ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಓಟಿಯಲ್ಲಿ ಪ್ಯಾಕೆಟ್ ಒಡೆದಾಗ ಅದರ ಮೇಲಿನ ಸ್ಟಿಕ್ಕರ್ ಇರುತ್ತದೆ, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಅದರಲ್ಲಿರುತ್ತದೆ. ಒಂದನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಇನ್ನೊಂದನ್ನು ನಿಮ್ಮ ಫೈಲಿಗೆ ಅಂಟಿಸಲು ಸಿಸ್ಟರ್‌ಗೆ ಹಿಂದಿನ ದಿನವೇ ಹೇಳಿಡಿ. ಕ್ಲೇಮ್ ಹೊತ್ತಿನಲ್ಲಿ ಅದನ್ನೇ ಕೇಳುತ್ತಾರೆ.